ಮಲ್ಲಯ್ಯನ ದಾರಿಯಲ್ಲಿ ಒಂದು ನಡುಕ

ಯುಗಾದಿಗೆ ಇನ್ನೂ ಎರಡು ವಾರ ಇರುವಾಗಲೇ ನಮ್ಮ ಮುದ್ದೇಬಿಹಾಳದ ರಸ್ತೆ ತುಂಬ ಬರಿಗಾಲುಗಳು. ಇಂಡಿ, ಸಿಂದಗಿ, ಅದರಾಚೆ ಸೊಲ್ಲಾಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೊರಟವರು ಬಸವನ ಬಾಗೇವಾಡಿ ದಾಟಿ ನಮ್ಮೂರಿಗೆ ಬಂದು, ಇಲ್ಲಿಂದ ನಾಲತವಾಡದ ದಾರಿ ಹಿಡಿಯುತ್ತಾರೆ. ಹೆಗಲ ಮೇಲೆ ಕಂಬಿ ಎಂಬ ದೇವರ ಕಾವಡಿ, ಹಣೆ ತುಂಬ ವಿಭೂತಿ, ಕಾಲಿಗೆ ಏನೂ ಇಲ್ಲ. ಆ ಅಷ್ಟೂ ದಿನ ಅವರಿಗೆ ಸ್ವಂತ ಹೆಸರಿರುವುದಿಲ್ಲ. ಗಂಡಸಾಗಲಿ ಹೆಂಗಸಾಗಲಿ, ನಡೆಯುವವರೆಲ್ಲ ಆ ಶ್ರೀಶೈಲದ ದೇವರು ಮಲ್ಲಯ್ಯನೇ. ಮಲ್ಲಯ್ಯ ಬಾ, ಮಜ್ಜಿಗಿ ಕುಡಿ, ಕಲ್ಲಂಗಡಿ ತಿನ್ನು ಎಂದು ಊರಿನವರು ಕೈ ಹಿಡಿದು ಎಳೆಯುತ್ತಾರೆ.

ನಾನು ಟೇಲರ್. ಈ ಊರಿನ ಅರ್ಧ ಮಕ್ಕಳ ಸಾಲಿ ಅಂಗಿಗೆ ಗುಂಡಿ ಹಚ್ಚಿದವನು ನಾನೇ ಎಂದು ಹೇಳಿಕೊಳ್ಳುವ ಚಟ ನನಗಿದೆ. ನನ್ನ ಹೆಂಡತಿ ಅದನ್ನು ಕಾಲು ಭಾಗ ಎಂದು ತಿದ್ದುತ್ತಾಳೆ. ಮಿಕ್ಕ ಚಟಗಳ ವಿಷಯ ಊರಿಗೇ ಗೊತ್ತಿರುವುದರಿಂದ ಅವಳು ತಿದ್ದುವ ಅಗತ್ಯ ಬಿದ್ದಿಲ್ಲ. ಹದಿನೆಂಟು ವರ್ಷ ಕುಡಿದೆ. ಕೊನೆಕೊನೆಗೆ ಬೆಳಿಗ್ಗೆ ಒಂದು ಪಾಕೀಟು ಹೊಟ್ಟೆಗೆ ಬೀಳದೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅಳತೆ ತಪ್ಪಿದ ಕುಬಸಗಳನ್ನು ಹೆಂಗಸರು ನನ್ನ ಮುಖಕ್ಕೆ ಎಸೆದು ಹೋಗಿದ್ದಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಾನು ಹೇಳುತ್ತಿರುವ ವರ್ಷ ಕುಡಿತ ಬಿಟ್ಟು ನನಗೆ ಹದಿನಾಲ್ಕು ತಿಂಗಳಾಗಿತ್ತು. ಬಸವನ ಬಾಗೇವಾಡಿಯ ಕಲ್ಯಾಣ ಮಂಟಪವೊಂದರಲ್ಲಿ ಎಂಟು ದಿನದ ಶಿಬಿರ ನಡೆದಿತ್ತು; ಗುಳಿಗೆ ಕೊಟ್ಟು, ಪಕ್ಕದಲ್ಲಿ ಡಾಕ್ಟರನ್ನು ಕೂರಿಸಿ ಬಿಡಿಸಿದರು. ಆಮೇಲೆ ಎಲ್ಲಿ ಶಿಬಿರವಾದರೂ ನನ್ನನ್ನು ಕರೆದು, ಹಾರ ಹಾಕಿ, ವೇದಿಕೆಯ ಮೇಲೆ ನಿಲ್ಲಿಸಿ, ನೋಡಿರಿ ಇವರು ಬಿಟ್ಟಾರ ಎಂದು ತೋರಿಸುತ್ತಿದ್ದರು. ಮೊದಲ ಎರಡು ಸಲ ಎದೆ ಉಬ್ಬಿತು. ಮೂರನೇ ಸಲ ಅದೇ ಹಾರ ಕೊರಳನ್ನು ಕೆರೆಯತೊಡಗಿತು. ನಾನು ಏನು ಮಾಡಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ಏನು ಮಾಡುತ್ತಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದರು. ಸಂಜೆ ಐದರಿಂದ ಎಂಟರವರೆಗೆ ಏನು ಮಾಡಬೇಕೆಂದೇ ತಿಳಿಯದೆ ಮುಚ್ಚಿದ ಅಂಗಡಿಯೊಳಗೆ ಕತ್ತರಿ ಸಾಣೆ ಹಿಡಿಯುತ್ತ ಕೂರುತ್ತಿದ್ದೆ. ಆ ವರ್ಷ ನನ್ನಲ್ಲಿದ್ದಷ್ಟು ಹರಿತವಾದ ಕತ್ತರಿಗಳು ಜಿಲ್ಲೆಯಲ್ಲೇ ಇರಲಿಲ್ಲ.

ಶಿಬಿರಕ್ಕೂ ಒಂದು ವರ್ಷ ಮೊದಲು ಇನ್ನೊಂದು ಸಂಗತಿ ನಡೆದಿತ್ತು. ಅದು ಮುದ್ದೇಬಿಹಾಳದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗದಂತೆ ನಾನು ನೋಡಿಕೊಂಡಿದ್ದೆ. ಹೆಂಡತಿಯ ತವರು ಸಿಂದಗಿ ಹತ್ತಿರದ ಹಳ್ಳಿ. ಅಲ್ಲಿ ಮದುವೆಗೆ ಹೋದಾಗ ಅತ್ತೆಯ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಒಮ್ಮೆಲೇ ಕುಡಿತ ನಿಲ್ಲಿಸಿದೆ. ಮೂರನೇ ದಿನ ಗೋಡೆಯಿಂದ ಇರುವೆಗಳು ಇಳಿದು ಬಂದವು. ಅಂಗಿಯೊಳಗೆ, ಬಾಯಿಯೊಳಗೆ, ಕಣ್ಣಿನ ರೆಪ್ಪೆಯ ಕೆಳಗೆ ಹರಿದಾಡಿದವು. ಬಟ್ಟೆ ಕಿತ್ತೆಸೆದು ಮದುವೆ ಹಂದರದೊಳಗೆ ಬೆತ್ತಲೆ ಓಡಾಡಿದೆನಂತೆ. ಗಾಳಿ ಸೋಂಕಿದೆ ಎಂದು ಅವರು ನನ್ನನ್ನು ಕಟ್ಟಿ ಮೆಣಸಿನಕಾಯಿ ಹೊಗೆ ಹಾಕಿದರು. ಹೊಗೆಯಲ್ಲಿ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡೆ. ಆಗ ಯಾರೋ ಬುದ್ಧಿವಂತರು ದವಾಖಾನೆಗೆ ಸಾಗಿಸಿದ್ದರಿಂದ ಉಳಿದೆ. ಕಾಮಾಲೆಯಾಗಿತ್ತು ಎಂದು ಊರಿಗೆ ಬಂದು ಹೇಳಿದೆವು. ತಿಂಗಳೊಳಗೆ ಮತ್ತೆ ಕುಡಿಯತೊಡಗಿದೆ, ಅದು ಬೇರೆ ಮಾತು. ವರ್ಷಗಟ್ಟಲೆ ಕುಡಿದವನು ಡಾಕ್ಟರಿಲ್ಲದೆ ಒಂದೇ ಏಟಿಗೆ ಬಿಟ್ಟರೆ ಪ್ರಾಣಕ್ಕೇ ಬರಬಹುದು ಎಂಬುದು ನನಗೆ ತಿಳಿದದ್ದು ಹಾಗೆ.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ನನ್ನ ಅಂಗಡಿಯ ಬಾಜು ಮನೆಯಲ್ಲಿ ಟಂಟಂ ಆಟೋ ಓಡಿಸುವ ಮುಸಲ್ಮಾನರೊಬ್ಬರಿದ್ದಾರೆ, ನಾನು ಅವರನ್ನು ಭಾಯಿ ಅನ್ನುತ್ತೇನೆ. ಪ್ರತಿ ವರ್ಷ ನಮ್ಮ ಓಣಿಯವರನ್ನು ಸೇರಿಸಿಕೊಂಡು ನಾಲತವಾಡ ರಸ್ತೆಯ ಬೇವಿನ ಮರದ ಹತ್ತಿರ ಶಾಮಿಯಾನ ಹಾಕಿಸುವವರು ಅವರೇ. ಕಾದ ಡಾಂಬರಿನ ಮೇಲೆ ಟ್ಯಾಂಕರಿನಿಂದ ನೀರು ಹೊಡೆಸಿ, ನಡೆಯುವವರಿಗೆ ಮಜ್ಜಿಗೆ ಕೊಡುತ್ತಾರೆ. ಆ ವರ್ಷ ರಂಜಾನ್ ಅದೇ ದಿನಗಳಲ್ಲಿ ಬಂದಿತ್ತು. ಭಾಯಿ ರೋಜಾ ಹಿಡಿದು, ಗುಟುಕು ನೀರು ಕುಡಿಯದೆ, ಬೆಳಗಿನಿಂದ ಮಜ್ಜಿಗೆ ಹಂಚುತ್ತಿದ್ದರು. ನಾಲಿಗೆ ಒಣಗುವುದಿಲ್ಲವೇ ಎಂದು ಕೇಳಿದೆ. ಕುಡಿಸುವಾಗ ಕುಡಿಯುವ ನೆನಪು ಬರುವುದಿಲ್ಲ ಅಂದರು. ಅವರು ಸಹಜವಾಗಿ ಅಂದ ಮಾತು, ನನಗೆ ಸಿಟ್ಟು ಬಂತು. ನನಗೆ ಹೊತ್ತು ಹೊತ್ತಿಗೂ ನೆನಪು ಬರುತ್ತಿತ್ತು.

ಕಾಲಿನ ನೀರುಗುಳ್ಳೆಗೆ ದಾರ ಹಾಕುವ ಕೆಲಸಕ್ಕೆ ನನ್ನನ್ನು ಎಳೆದು ತಂದವರೂ ಅವರೇ. ಮೂರು ದಿನ ಬರಿಗಾಲಲ್ಲಿ ನಡೆದವರ ಅಂಗಾಲು ನೋಡದವರಿಗೆ ನಾನು ಹೇಳಿದರೆ ತಿಳಿಯುವುದಿಲ್ಲ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಒಂದೇ ಗುಳ್ಳೆ ಎದ್ದಿರುತ್ತದೆ. ಅದನ್ನು ಒಡೆದರೆ ಚರ್ಮ ಸುಲಿದು ಮುಂದೆ ಹೆಜ್ಜೆ ಇಡಲಾಗದು. ಕುದಿಸಿದ ಸೂಜಿಗೆ ಸ್ಪಿರಿಟ್ಟಿನಲ್ಲಿ ನೆನೆದ ದಾರ ಪೋಣಿಸಿ, ಗುಳ್ಳೆಯ ಒಂದು ಬದಿಯಿಂದ ಹೊಗಿಸಿ ಇನ್ನೊಂದು ಬದಿಗೆ ತೆಗೆದು, ದಾರವನ್ನು ಅಲ್ಲೇ ಬಿಟ್ಟು ಎರಡೂ ತುದಿ ಕತ್ತರಿಸಬೇಕು. ದಾರದ ಗುಂಟ ನೀರು ಸೋರುತ್ತದೆ, ಚರ್ಮ ಹಾಗೇ ಉಳಿಯುತ್ತದೆ. ಆರೋಗ್ಯ ಇಲಾಖೆಯ ಸಿಸ್ಟರ್ ಒಬ್ಬರು ಬಂದು, ಇದೆಲ್ಲ ಮಾಡಬಾರದು, ನಂಜಾಗುತ್ತದೆ ಎಂದು ನನ್ನನ್ನು ಬೈದು, ಬೈಯುತ್ತಲೇ ಒಂದು ಬಾಟಲಿ ಸ್ಪಿರಿಟ್ ಕೊಟ್ಟು ಹೋಗಿದ್ದರು.

ಆ ಕಾಲುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೀವಮಾನವೆಲ್ಲ ನಾನು ಮನುಷ್ಯರನ್ನು ಎದೆ, ಸೊಂಟ, ತೋಳು ಎಂದು ಟೇಪಿನಲ್ಲಿ ಅಳೆದವನು. ಅಂಗಾಲನ್ನು ನೋಡಿದವನಲ್ಲ. ಎಪ್ಪತ್ತು ದಾಟಿದ ಮುದುಕಿ ಒಬ್ಬಳ ಹಿಮ್ಮಡಿಯ ಬಿರುಕಿನೊಳಗೆ ಡಾಂಬರು ಕೂತಿತ್ತು. ನೋಯುತ್ತದೆಯೇ ಅಂದರೆ, ನೋಯಲಿಕ್ಕೇ ಅಲ್ಲವೇ ಬಂದಿರುವುದು ಎಂದು ನಕ್ಕಳು. ಕುಡಿತ ಬಿಟ್ಟದ್ದನ್ನೇ ದೊಡ್ಡ ನಡಿಗೆ ಅಂದುಕೊಂಡಿದ್ದ ನನಗೆ ಅವಳ ಎದುರು ತಲೆ ಎತ್ತಲು ಆಗಲಿಲ್ಲ.

ಹನ್ನೆರಡರ ಬಿಸಿಲಿಗೆ ಹೊರ್ತಿ ಕಡೆಯ ಹದಿನೈದಿಪ್ಪತ್ತು ಜನರ ತಂಡವೊಂದು ಬಂದು ನೆರಳಿಗೆ ಕೂತಿತು. ಅದರಲ್ಲಿ ಗಂಡ ಹೆಂಡತಿ ಇದ್ದರು. ಗಂಡನಿಗೆ ನಲವತ್ತೈದು ಇರಬಹುದು, ಲಿಂಬೆ ತೋಟದವನು. ಹೆಂಡತಿಯೇ ಅವನ ಭುಜ ಹಿಡಿದು ತಂದು ನನ್ನೆದುರಿನ ಕುರ್ಚಿಯಲ್ಲಿ ಕೂರಿಸಿ, ಕಾಲೆತ್ತಿ ನನ್ನ ತೊಡೆಯ ಮೇಲಿಟ್ಟಳು. ನಾನು ಹಿಮ್ಮಡಿ ಹಿಡಿದೆ, ಸೂಜಿ ಎತ್ತಿದೆ, ಹಾಗೇ ನಿಲ್ಲಿಸಿದೆ.

ಕಾಲು ನಡುಗುತ್ತಿತ್ತು. ನಡೆದು ದಣಿದವರ ಕಾಲೂ ನಡುಗುತ್ತದೆ, ಆದರೆ ಅದು ತೊಡೆಯಲ್ಲಿ ಎದ್ದು ನಿಂತು ನಿಂತು ಬರುತ್ತದೆ. ಇದು ಬೇರೆ. ಓಡುವ ಹೊಲಿಗೆ ಮಷೀನಿನ ಮೇಲೆ ಕೈ ಇಟ್ಟರೆ ಬರುವಂಥದ್ದು, ಸಣ್ಣದು, ನಿಲ್ಲದೇ ಇರುವಂಥದ್ದು. ಅಂಥ ಬಿಸಿಲಲ್ಲಿ ಅವನ ಪಾದ ತಣ್ಣಗೆ ಬೆವೆತಿತ್ತು. ಮುಖ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಧೋತರದ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಬಿಡುತ್ತಿದ್ದ. ಅಲ್ಲಿ ಏನೂ ಇರಲಿಲ್ಲ.

ಎಷ್ಟು ದಿನ ಆಯಿತು ಎಂದು ಕೇಳಿದೆ. ನಡೆಯತೊಡಗಿದ್ದು ಎಂದು ತಿಳಿದು ಹೆಂಡತಿ ಮೂರು ದಿನ ಅಂದಳು. ನಾನು ಕೇಳಿದ್ದು ಕುಡಿತ ಬಿಟ್ಟು ಎಂದೆ. ಅವಳ ಮುಖದಲ್ಲಿ ಮೂಡಿದ ಬೆಳಕು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇಪ್ಪತ್ತು ವರ್ಷದ ಕುಡಿತವನ್ನು ಹೊರಟ ದಿನ ಕಂಬಿ ಮುಟ್ಟಿ ಆಣೆ ಮಾಡಿ ಒಂದೇ ದಿನಕ್ಕೆ ಬಿಟ್ಟಿದ್ದಾರೆ, ಶ್ರೀಶೈಲ ಮುಟ್ಟುವುದರೊಳಗೆ ಹೊಸ ಮನುಷ್ಯ ಆಗುತ್ತಾರೆ ಎಂದು ಹೇಳಿದಳು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಅದು ಭಕ್ತಿಯಿಂದ ಇರಬೇಕು ಎಂದೂ ಸೇರಿಸಿದಳು.

ದವಾಖಾನೆಗೆ ತೋರಿಸೋಣ ಎಂಬ ಮಾತು ನನ್ನ ಬಾಯಿಯಿಂದ ಹೊರಡುವಷ್ಟರಲ್ಲಿ ಅವನು ಕಾಲು ಕಿತ್ತುಕೊಂಡು ಎದ್ದು ನಿಂತ. ಶಾಮಿಯಾನದ ಮೇಲ್ಗಡೆ ನೋಡುತ್ತ, ಬಂದ್ರು ಬಂದ್ರು ಎಂದು ಕೂಗಿದ. ಇಡೀ ಮೈ ಅದುರುತ್ತಿತ್ತು, ಕಣ್ಣು ಕೆಂಡವಾಗಿದ್ದವು. ಎಲ್ಲರೂ ಅವನ ಕಡೆ ತಿರುಗಿದರು. ಆಮೇಲೆ ತಂಡದ ಹಿರಿಯರು, ಬಿಳಿ ಗಡ್ಡದವರು, ಕೈ ಮುಗಿದು ಎದ್ದು, ಮಲ್ಲಯ್ಯ ಮೈತುಂಬ್ಯಾನ ಅಂದರು. ಅಷ್ಟೇ ಸಾಕಾಯಿತು. ಕಂಬಿ ತಂದು ಅವನೆದುರು ನಿಲ್ಲಿಸಿದರು. ಕಾಯಿ ಒಡೆದರು. ಹೆಂಗಸರು ಸಾಲುಗಟ್ಟಿ ಅವನ ಕಾಲು ಮುಟ್ಟತೊಡಗಿದರು, ಈಗಷ್ಟೇ ನನ್ನ ತೊಡೆಯ ಮೇಲಿದ್ದ ಕಾಲು. ಒಬ್ಬ ಈ ವರ್ಷ ಬೆಳೆ ಹೇಗೆ ಎಂದು ಕೇಳಿದ. ಅವನು ಹಕ್ಕಿ ಓಡಸ್ರಿ, ಹಕ್ಕಿ ಓಡಸ್ರಿ ಎಂದು ಎರಡೂ ಕೈ ಬೀಸಿದ. ಜೋಳಕ್ಕೆ ಹಕ್ಕಿಯ ಕಾಟ ಇದೆ, ಕಾವಲು ಹೆಚ್ಚಿಗೆ ಇಡಬೇಕು ಎಂದು ಹಿರಿಯರು ಅರ್ಥ ಹೇಳಿದರು. ಬೇರೆ ಹೊತ್ತಾಗಿದ್ದರೆ ನಾನು ನಗುತ್ತಿದ್ದೆ.

ಆದರೆ ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಇವನು ಬೀಳುತ್ತಾನೆ, ಫಿಟ್ಸ್ ಬರುತ್ತದೆ, ಅದನ್ನೂ ಇವರು ದೇವರ ಆಟ ಎಂದು ಸುತ್ತ ನಿಂತು ಭಜನೆ ಮಾಡುತ್ತಾರೆ, ಅಷ್ಟರಲ್ಲಿ ಇವನು ಸಾಯುತ್ತಾನೆ. ಅಲ್ಲಿದ್ದ ನೂರು ಜನರಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ಹೇಳಿದರೆ, ದೇವರನ್ನು ಸಾರಾಯಿ, ಸೆರೆ ಅಂದವನಾಗುತ್ತೇನೆ. ಆ ಹೆಣ್ಣುಮಗಳ ಮುಖದ ಬೆಳಕನ್ನು ನಾನೇ ಆರಿಸಿದವನಾಗುತ್ತೇನೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಸಿಂದಗಿಯ ಹಂದರವನ್ನು ನನ್ನೂರಿನ ಜನರ ಮುಂದೆ ಬಿಚ್ಚಬೇಕಾಗುತ್ತದೆ. ಇಷ್ಟನ್ನೂ ಲೆಕ್ಕ ಹಾಕುತ್ತ ನಿಂತೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಬ್ಬನ ಜೀವದ ಎದುರು ನನ್ನ ಮಾನವನ್ನು ತೂಗುತ್ತ ನಿಂತಿದ್ದೆ.

ಅವನು ಮತ್ತೆ ಧೋತರದಿಂದ ಹೆಕ್ಕತೊಡಗಿದ. ಆ ಬೆರಳುಗಳನ್ನು ನೋಡುತ್ತಿದ್ದಂತೆ ನನ್ನ ರೆಪ್ಪೆಯ ಕೆಳಗೆ ಇರುವೆ ಹರಿದ ಹಾಗಾಯಿತು. ಇನ್ನು ತಡೆಯಲು ಆಗಲಿಲ್ಲ.

ಇದು ದೇವರಲ್ಲ ಎಂದು ಕೂಗಿದೆ. ಮೊದಲಿಗೆ ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ಸಿಟ್ಟು ಎಂಥದ್ದು ಎಂದು ನನ್ನ ಮಷೀನಿಗೂ ಗೊತ್ತು; ಕುರ್ಚಿಯ ಮೇಲೆ ಹತ್ತಿ ಗಂಟಲು ಹರಿಯುವಂತೆ ಮತ್ತೊಮ್ಮೆ ಕೂಗಿದೆ. ಹಿರಿಯರು ತಿರುಗಿ, ನೀ ಯಾವಂವ, ಇಳಿ ಕೆಳಗ ಅಂದರು. ಒಬ್ಬ ನನ್ನ ಅಂಗಿ ಹಿಡಿದು ಎಳೆದ. ಭಾಯಿ ಮಜ್ಜಿಗೆಯ ಕೊಳಗ ಬಿಟ್ಟು ಓಡಿ ಬಂದು ನನ್ನ ಮತ್ತು ಅವನ ನಡುವೆ ನಿಂತರು, ಏನಾಗಿದೆ ಎಂಬುದು ಅವರಿಗೂ ತಿಳಿದಿರಲಿಲ್ಲ.

“ಅಜ್ಜಾರ, ನನಗೂ ಹಿಂಗ ಆಗಿತ್ತು,” ಅಂದೆ. “ಇದು ಮಲ್ಲಯ್ಯ ಬಂದದ್ದಲ್ಲ. ಹದಿನೇಳು ವರ್ಷ ಕುಡದು ಒಮ್ಮಿಗೇ ಬಿಟ್ಟೆ. ಮೂರನೇ ದಿನ ಮದುವಿ ಹಂದರದಾಗ ಅರಿವಿ ಕಳದು ಒಗದು ಓಡಾಡೇನಿ. ಗಾಳಿ ಅಂತ ಕಟ್ಟಿ ಹಾಕಿದ್ರು. ದವಾಖಾನಿ ಮುಟ್ಟದಿದ್ರ ಅವತ್ತ ಸಾಯತಿದ್ದೆ.”

ಅಲ್ಲಿ ನನ್ನ ಗಿರಾಕಿಗಳಿದ್ದರು, ನನ್ನ ಹೆಂಡತಿಯ ಪರಿಚಯದವರಿದ್ದರು. ಕಾಮಾಲೆ ಸುದ್ದಿ ಕೇಳಿ ಆಗ ಎಳನೀರು ತಂದುಕೊಟ್ಟ ಮುದುಕಮ್ಮನೂ ಇದ್ದಳು. ಹಿರಿಯರು ಆಗಲೂ ಬಿಟ್ಟುಕೊಡಲಿಲ್ಲ. ನಿನಗೆ ಬಂದದ್ದು ಸೆರೆ ಇರಬಹುದು, ಇವನಿಗೆ ಬಂದದ್ದು ದೇವರು ಯಾಕಾಗಿರಬಾರದು ಎಂದು ಕೇಳಿದರು.

ಉತ್ತರ ಹೇಳಿದ್ದು ಅವನ ಹೆಂಡತಿ. ಅವಳು ಗಂಡನ ಕಾಲ ಬಳಿ ಕೂತವಳು ನನ್ನನ್ನೇ ನೋಡುತ್ತಿದ್ದಳು.

“ನಿಮಗ ಏನೇನ ಕಂಡಿತ್ರೀ ಅಣ್ಣಾರ?”

ಇರುವೆ ಅಂದೆ.

“ಇವರಿಗೆ ನಿನ್ನಿ ಹೊತ್ತು ಮುಣಗಿದಾಗಿಂದ ಹುಳಾ ಕಾಣಾಕತ್ತಾವು,” ಅಂದಳು. “ಯಾರ ಮುಂದನೂ ಹೇಳಿಲ್ರಿ. ಹೇಳಿದ್ರ ಮತ್ತ ಕುಡದಾನ ಅಂತಾರಂತ ಅಂಜಿದೆ.”

ಅದನ್ನು ಹೇಳಲು ಅವಳಿಗೆ ಏನು ಬೇಕಾಗಿತ್ತೋ ನನಗೆ ಅಂದಾಜಿದೆ. ದೇವರ ಹೆಂಡತಿಯಾಗಿ ಕೂತವಳು ಮತ್ತೆ ಕುಡುಕನ ಹೆಂಡತಿಯಾದಳು, ಅದೂ ತಾನಾಗಿಯೇ. ಸೆರಗಿನಿಂದ ಅವನ ಹಣೆಯ ವಿಭೂತಿ, ಬೆವರು ಒರೆಸಿ, ಎಬ್ಬಸ್ರಿ ಇವರನ್ನ ಅಂದಳು. ಅಷ್ಟೊತ್ತು ಕಾಲು ಮುಟ್ಟುತ್ತಿದ್ದ ಕೈಗಳೇ ಅವನನ್ನು ಎತ್ತಿ ಭಾಯಿಯ ಟಂಟಂಗೆ ಹಾಕಿದವು.

ದವಾಖಾನೆಯ ಗೇಟು ಕಾಣುವಾಗ ಫಿಟ್ಸ್ ಬಂತು. ನಾನು ತಲೆಯನ್ನು ಒಂದು ಬದಿಗೆ ಹೊರಳಿಸಿ ಹಿಡಿದೆ, ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಡಾಕ್ಟರು ಹೆಣ್ಣುಮಗಳು, ವಯಸ್ಸು ಚಿಕ್ಕದು. ಒಂದೇ ನೋಟಕ್ಕೆ ಎಷ್ಟು ದಿನದಿಂದ ಕುಡಿದಿಲ್ಲ ಎಂದು ಕೇಳಿದರು. ಸೂಜಿ ಕೊಟ್ಟರು, ಸಲಾಯಿನ್ ಹಚ್ಚಿದರು, ಕಿತ್ತುಕೊಳ್ಳದಂತೆ ಕೈಗಳನ್ನು ಪಟ್ಟಿಯಿಂದ ಮಂಚಕ್ಕೆ ಕಟ್ಟಿದರು. ಸಂಜೆಯ ಹೊತ್ತಿಗೆ ಹೊರಬಂದು, ಇನ್ನೊಂದು ತಾಸು ತಡವಾಗಿದ್ದರೆ ನಾನೇನೂ ಮಾಡಲು ಆಗುತ್ತಿರಲಿಲ್ಲ, ಯಾರು ಗುರುತು ಹಿಡಿದದ್ದು ಎಂದು ಕೇಳಿದರು. ಭಾಯಿ ನನ್ನ ಕಡೆ ಬೆರಳು ತೋರಿಸಿದರು. ನಾನು ತಲೆ ತಗ್ಗಿಸಿ ನಿಂತೆ. ಅಭ್ಯಾಸಬಲ, ಯಾರಾದರೂ ನನ್ನ ಕಡೆ ಬೆರಳು ತೋರಿಸಿದರೆ ಈಗಲೂ ತಲೆ ತಗ್ಗುತ್ತದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಪಾಯ ದಾಟಿತು ಎಂದು ಹೇಳಿದರು. ಅವನು ಔಷಧದ ನಿದ್ದೆಯಲ್ಲಿದ್ದ. ಆಗಲೇ ಮುಂದೆ ಹೊರಟಿದ್ದ ತಂಡದ ಹಿರಿಯರು ಸಾಮಾನು ಸಾಗಿಸುವ ತಮ್ಮ ಟೆಂಪೋದಲ್ಲಿ ವಾಪಸು ಬಂದಿದ್ದರು. ಬಹಳ ಹೊತ್ತು ಮಂಚದ ಬಳಿ ನಿಂತು ನೋಡಿ, ಹೊರಗೆ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತರು. ತಪ್ಪಾಯಿತು ಅನ್ನುತ್ತಾರೆ ಎಂದು ಕಾದೆ. ಸೋಲುವ ಮುದುಕರಲ್ಲ ಅವರು.

“ಮಲ್ಲಯ್ಯ ಬಂದಿದ್ದು ಖರೇನ ಐತಿ ತಮ್ಮಾ,” ಅಂದರು. “ಯಾರ ಮೈಯಾಗ ಬಂದಾನ ಅನ್ನೂದನ್ನ ನಾವು ತಪ್ಪು ತಿಳಕೊಂಡ್ವಿ.”

ಹಾಗೆಂದು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಹೌಹಾರಿ ಕಾಲು ಎಳೆದುಕೊಂಡೆ. ಮೊದಲು ಸಿಟ್ಟು ಬಂತು, ಎಂಥ ಜಾಣ ಮುದುಕ, ಸೋತರೂ ದೇವರನ್ನೇ ಗೆಲ್ಲಿಸಿದ ಅನ್ನಿಸಿತು. ಅವರು ಎದ್ದು ಹೋದ ಮೇಲೆ ಮೈ ಜುಮ್ಮೆಂದಿತು, ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನನ್ನ ಮೈಯಲ್ಲಿ ದೇವರು ಬಂದಿದ್ದನೆಂದು ನಾನು ನಂಬುವುದಿಲ್ಲ. ಆದರೆ ಹದಿನೆಂಟು ವರ್ಷ ಈ ಮೈಗೆ ನಾನು ಮಾಡಿದ ಅನ್ಯಾಯವೇ ಒಬ್ಬ ಅಪರಿಚಿತನ ಹಿಮ್ಮಡಿ ಹಿಡಿದ ಕೂಡಲೇ ಎದ್ದು ಕೂತು ಮಾತಾಡಿತ್ತು. ಎಸೆದುಬಿಡಬೇಕು, ಯಾರಿಗೂ ಕಾಣಬಾರದು ಎಂದು ಹೂತಿಟ್ಟ ಆ ವರ್ಷಗಳು ಹೀಗೂ ಕೆಲಸಕ್ಕೆ ಬರುತ್ತವೆಂದು ನನಗೆ ಯಾವ ಶಿಬಿರದಲ್ಲೂ ಯಾರೂ ಹೇಳಿರಲಿಲ್ಲ. ಆ ಕಟ್ಟೆಯ ಮೇಲೆ ಕೂತು ನಾನು ಅತ್ತೆ.

ಟೆಂಪೋ ಹೊರಡುವ ಮೊದಲು ಅವನ ಹೆಂಡತಿ ನನ್ನ ಹತ್ತಿರ ಬಂದಳು. ಗಂಡ ಬಿಟ್ಟ ಹರಕೆಯನ್ನು ತಾನು ನಡೆದು ಮುಟ್ಟಿಸುತ್ತೇನೆ ಅಂದಳು. ದವಾಖಾನೆಯಲ್ಲಿ ಗಂಡನನ್ನು ಬಿಟ್ಟು ಹೋಗುವುದೇ ಎಂದು ಅಲ್ಲಿದ್ದ ಹೆಂಗಸರು ಬಾಯಿ ಬಿಟ್ಟರು. ಅವಳು ಅವರ ಕಡೆ ನೋಡಲಿಲ್ಲ.

“ನೀವ ಕೂಡ್ರಿ ಅಣ್ಣಾರ ಇವರ ಹಂತ್ಯಾಕ. ಇದು ಎಂಥಾದ್ದಂತ ನಿಮಗ ಗೊತ್ತೈತಿ. ನನಗ ಗೊತ್ತಿಲ್ಲ. ನನಗ ಗೊತ್ತಿದ್ದದ್ದು ನಡಿಯೂದು ಒಂದ.”

ಹಾಗೆ ನಾನು ಅಂಗಡಿ ಮುಚ್ಚಿ ಆ ವಾರ್ಡಿನಲ್ಲಿ ಕೂತೆ. ಯುಗಾದಿಯ ಹೊಲಿಗೆ ಎಲ್ಲ ಹಾಗೇ ಬಿತ್ತು, ಎಷ್ಟು ಜನ ನನ್ನನ್ನು ಬೈದರೋ ಗೊತ್ತಿಲ್ಲ. ಅವನು ನಿದ್ದೆಯಲ್ಲಿ ಬೆಚ್ಚಿದಾಗ, ಹುಳ ಇಲ್ಲ, ಹೋದವು ಎಂದು ಕಿವಿಯಲ್ಲಿ ಹೇಳುತ್ತಿದ್ದೆ. ನಿನಗೆ ಭ್ರಮೆ ಎಂದರೆ ಆ ಹೊತ್ತಿನಲ್ಲಿ ಯಾರೂ ನಂಬುವುದಿಲ್ಲ. ಹೋದವು ಅಂದರೆ ನಂಬುತ್ತಾರೆ. ನನಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ, ಯಾರಾದರೂ ಹೇಳಲಿ ಎಂದು ಎಷ್ಟು ಹಂಬಲಿಸಿದ್ದೆ ಎಂಬುದು ನೆನಪಿತ್ತು.

ನನ್ನ ಹೆಂಡತಿ ದಿನಾ ಬುತ್ತಿ ತರುತ್ತಿದ್ದಳು. ಮೊದಲ ದಿನ ಬಾಗಿಲಲ್ಲೇ ನಿಂತು, ಪಟ್ಟಿ ಕಟ್ಟಿದ ಅವನ ಕೈಗಳನ್ನು ನೋಡಿ ಒಳಗೆ ಬರಲಿಲ್ಲ. ನಾನು ಹೊರಗೆ ಹೋದೆ. ಸಿಂದಗಿಯ ದವಾಖಾನೆಯಲ್ಲಿ ನೀನು ಎಲ್ಲಿ ಕೂತಿದ್ದೆ ಎಂದು ಕೇಳಿದೆ. ಆವತ್ತಿನವರೆಗೂ ಅದನ್ನು ಕೇಳಿರಲಿಲ್ಲ. ಮಂಚದ ಕೆಳಗೆ ಅಂದಳು. ಕೂರಲು ಬೇರೆ ಜಾಗವಿರಲಿಲ್ಲವಂತೆ, ಐದು ದಿನ ನೆಲದ ಮೇಲೆ ಕೂತು ಮೇಲಿಂದ ಜೋತ ನನ್ನ ಕೈಯನ್ನು ಹಿಡಿದುಕೊಂಡಿದ್ದಳಂತೆ. ಎರಡು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ್ದೇವೆ, ನನಗೆ ಇದು ಗೊತ್ತಿರಲಿಲ್ಲ. ಬುತ್ತಿ ಬಿಚ್ಚಿ ಇಬ್ಬರೂ ಅಲ್ಲೇ ಕಾರಿಡಾರಿನಲ್ಲಿ ಕೂತು ಉಂಡೆವು.

ಐದನೇ ದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನು ನೋಡಿದ. ಕೈಗಳನ್ನು ಆಗಲೇ ಬಿಚ್ಚಿದ್ದರು. ನಾನು ಯಾರು, ಅವನ ಹೆಂಡತಿ ಎಲ್ಲಿ ಎಂಬುದನ್ನೆಲ್ಲ ಹೇಳಿದೆ. ಅವಳು ಕೃಷ್ಣೆಯನ್ನು ದಾಟಿ ಮುಂದೆ ನಡೆಯುತ್ತಿದ್ದಾಳೆ ಎಂದು ಕೇಳಿ ಗೋಡೆಯ ಕಡೆ ಹೊರಳಿದ. ಆ ಕಡೆ ಮುಖ ಮಾಡಿಕೊಂಡೇ ಕೇಳಿದ.

“ನನ್ನ ಮೈಯಾಗ ದೇವರು ಬಂದಿದ್ದ ಅಂತಿದ್ರು ಮಂದಿ. ಅಷ್ಟ ನೆನಪೈತ್ರಿ. ಬಂದಿದ್ದನ?”

ಇಲ್ಲ ಅಂದೆ. “ಯಾರೂ ಬಂದಿರಲಿಲ್ಲ. ಮೈಯಾಗಿನ ಸೆರಿ ಹೊಂಟಿತ್ತು.”

ಅವನು ನಕ್ಕನೋ ಅತ್ತನೋ, ಭುಜ ಅಲುಗಾಡಿದ್ದಷ್ಟೇ ಕಂಡಿತು. ನಾನು ಕೆದಕಲಿಲ್ಲ. ಸಿಸ್ಟರ್ ಬಂದು ಜ್ವರ ನೋಡಿ ಹೋದರು. ಗಂಜಿ ಕುಡಿಸಿದೆ, ಅರ್ಧ ಕುಡಿದ. ಊರಿಗೆ ಹೋಗಿ ಮುಖ ಹೇಗೆ ತೋರಿಸಲಿ ಎಂದ. ಅದು ನನಗೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಇನ್ನೊಂದು ದಿನ ನೋಡೋಣ ಅಂದೆ. ಹೊತ್ತು ಇಳಿದ ಮೇಲೆ ನಾನು ಸ್ನಾನಕ್ಕೆಂದು ಮನೆಗೆ ಹೊರಟೆ. ಅವನು ಮಲಗಿದ್ದಾನೆಂದುಕೊಂಡು ಸದ್ದಾಗದಂತೆ ಬಾಗಿಲವರೆಗೆ ಹೋಗಿದ್ದೆ.

“ನಾಳಿ ಬರ್ತೀರಿಲ್ರಿ?”

ತಿರುಗಿ ನೋಡಿದೆ. ಅಂಜಿದ ಕಣ್ಣು, ಅಂಜಿಕೆಯನ್ನು ಮುಚ್ಚಿಡುವ ಶಕ್ತಿಯೂ ಇಲ್ಲದ ಕಣ್ಣು. ಎಷ್ಟೋ ದಿನಗಳಿಂದ ನಾಳೆ ಎಂಬುದು ನನ್ನ ಪಾಲಿಗೆ ಕುಡಿಯದೆ ದಾಟಬೇಕಾದ ಇನ್ನೊಂದು ದಿನವಷ್ಟೇ ಆಗಿತ್ತು. ಈಗ ಆ ನಾಳೆಯಲ್ಲಿ ಒಬ್ಬ ಮನುಷ್ಯ ಮಂಚದ ಮೇಲೆ ಎದ್ದು ಕೂತು ನನ್ನ ಹಾದಿ ಕಾಯುತ್ತಾನೆ.

ಬರ್ತೇನಿ ಅಂದೆ.